ನಾಳೆಯ ಶಾಲೆಗೆ ಮಕ್ಕಳ ನಕ್ಷೆ

(ನಮ್ಮ ಸಂಸ್ಥೆಯ ವಾರ್ಷಿಕ ನಿಧಿಸಂಗ್ರಹ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಕೊಡುವಾಗ ಅವರ ಮುಖದಲ್ಲಿ ಸ್ವಲ್ಪ ಆತಂಕವಿತ್ತು. ಕಳೆದ ಸಲ ನಾನು ಹತ್ತು ನಿಮಿಷ ಎಂದು ಶುರು ಮಾಡಿ ಎಲ್ಲಿಗೆ ಮುಟ್ಟಿಸಿದೆ ಎಂಬುದು ಅವರಿಗೆ ನೆನಪಿದೆ. ಈ ಸಲ ಬರೆದುಕೊಂಡು ಬಂದಿದ್ದೇನೆ.

ನಾನು ವೃತ್ತಿಯಿಂದ ಸಾಫ್ಟ್‌ವೇರ್ ಇಂಜಿನಿಯರ್. ಎಲೆಕ್ಟ್ರಿಕಲ್‌ನಲ್ಲಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದು ಇಲ್ಲಿಯೇ ಉಳಿದವನು. ಗೋಡೆ ಕಟ್ಟುವ ವಿದ್ಯೆ ನನಗೆ ಗೊತ್ತಿಲ್ಲ. ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ನನ್ನ ಹೆಂಡತಿ ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಆದರೂ ಇವತ್ತು ಶಾಲೆಯ ಕಟ್ಟಡಗಳ ಬಗ್ಗೆ ಮಾತಾಡಲು ನಿಂತಿರುವುದಕ್ಕೆ ಎರಡು ಕಾರಣ. ಒಂದು, ನನ್ನ ಮಗಳು. ಇನ್ನೊಂದು, ನೀವು ಕೊಟ್ಟ ಹಣದಲ್ಲಿ ನಾನು ಮಾಡಿದ ಒಂದು ತಪ್ಪು. ಮಗಳ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ, ಅದು ಸುಲಭ.

ಶಾಲಾ ಕಟ್ಟಡಗಳನ್ನು ಯೋಜಿಸುವವರ ಒಂದು ಸಂಘ ಈ ದೇಶದಲ್ಲಿದೆ, ಅಸೋಸಿಯೇಷನ್ ಫಾರ್ ಲರ್ನಿಂಗ್ ಎನ್ವಿರಾನ್‌ಮೆಂಟ್ಸ್ ಎಂದು ಅದರ ಹೆಸರು. ಅವರು ಮಿಡ್ಲ್ ಸ್ಕೂಲಿನ ಮಕ್ಕಳಿಗಾಗಿ ‘ಸ್ಕೂಲ್ ಆಫ್ ದ ಫ್ಯೂಚರ್’ ಎಂಬ ವಿನ್ಯಾಸ ಸ್ಪರ್ಧೆ ನಡೆಸುತ್ತ ಬಂದಿದ್ದಾರೆ. ಮಕ್ಕಳು ತಂಡ ಕಟ್ಟಿಕೊಂಡು ಮುಂದಿನ ಕಾಲದ ಒಂದು ಶಾಲೆಯನ್ನು ಕಲ್ಪಿಸಿ ಅದರ ಮಾದರಿ ಮಾಡಬೇಕು. ಆ ಶಾಲೆ ಕಲಿಕೆಗೆ ಒದಗಬೇಕು, ನೀರು ವಿದ್ಯುತ್ ಉಳಿಸಬೇಕು, ಸುತ್ತಲಿನ ಊರಿಗೂ ಉಪಯೋಗಕ್ಕೆ ಬರಬೇಕು. ಕಳೆದ ವರ್ಷ ನನ್ನ ಮಗಳು ಮತ್ತು ಅವಳ ಮೂವರು ಗೆಳತಿಯರು ಇದಕ್ಕೆ ಸೇರಿದರು. ಆರು ವಾರ ನಮ್ಮ ಊಟದ ಮೇಜಿನ ಮೇಲೆ ಫೋಮ್ ಬೋರ್ಡು, ಅಂಟು, ಕತ್ತರಿ. ನಾವು ತಟ್ಟೆ ಕೈಯಲ್ಲಿ ಹಿಡಿದು ಸೋಫಾದಲ್ಲಿ ಊಟ ಮಾಡಿದೆವು. ದಸರಾ ಗೊಂಬೆ ಕೂರಿಸುವ ಮೆಟ್ಟಿಲುಗಳೂ ಗ್ಯಾರೇಜಿನಿಂದ ಹೊರಬಂದು ಆ ಶಾಲೆಯ ಗುಡ್ಡವಾದವು.

ಮೊದಲ ನಕ್ಷೆ ಹೇಗಿತ್ತು ಗೊತ್ತೇ? ಛಾವಣಿ ತುಂಬ ಸೌರ ಫಲಕ, ನಾಲ್ಕು ಗಾಳಿಯಂತ್ರ, ಗೋಡೆಯ ಮೇಲೆ ತೋಟ, ಮೆಟ್ಟಿಲಿನ ಬದಲು ಜಾರುಬಂಡೆ. ಅದನ್ನು ಇನ್ನಷ್ಟು ಕೆಡಿಸಿದವನು ನಾನು. ಪ್ರತಿ ಕೋಣೆಗೆ ಸೆನ್ಸರ್, ಎಲ್ಲವನ್ನೂ ನೋಡಿಕೊಳ್ಳಲು ಒಂದು ಕಂಪ್ಯೂಟರ್ ಎಂದು ಹೇಳಿಕೊಟ್ಟೆ. ನಮ್ಮ ವೃತ್ತಿಯವರಿಗೆ ಬೇರೇನು ತಾನೇ ಹೊಳೆಯುತ್ತದೆ!

ಆಮೇಲೆ ಮಕ್ಕಳು ವಾಷಿಂಗ್ಟನ್‌ನ ಸಿಡ್‌ವೆಲ್ ಫ್ರೆಂಡ್ಸ್ ಶಾಲೆಯ ಬಗ್ಗೆ ಓದಿದರು. ಅಲ್ಲಿ 2006ರಲ್ಲಿ ತಯಾರಾದ ಮಿಡ್ಲ್ ಸ್ಕೂಲ್ ಕಟ್ಟಡದ ಅಂಗಳದಲ್ಲಿ ಜೊಂಡು ಬೆಳೆಸಿದ ಒಂದು ಕೃತಕ ಜೌಗು ಇದೆ. ಬಳಸಿದ ನೀರು ಅದರ ಮೂಲಕ ಹಾದು ಶುದ್ಧವಾಗಿ ಮತ್ತೆ ಶೌಚಾಲಯಕ್ಕೆ ಹೋಗುತ್ತದೆ. ನಮ್ಮ ಹುಡುಗಿಯರಿಗೆ ಇದು ಬಹಳ ಹಿಡಿಸಿತು. ಆಗ ಮಗಳು ಕೇಳಿದಳು: “ಅಪ್ಪಾ, ಜೊಂಡು ಒಣಗಿದರೆ ಕೀಳುವವರು ಯಾರು?”

ನನ್ನ ಬಳಿ ಉತ್ತರವಿರಲಿಲ್ಲ. ಅವರೇ ತಮ್ಮ ಶಾಲೆಯ ಕಸ್ಟೋಡಿಯನ್ ಹತ್ತಿರ ಹೋದರು. ಶಾಲೆಯನ್ನು ಗುಡಿಸಿ, ಒರೆಸಿ, ಬಲ್ಬು ಬದಲಿಸಿ ನೋಡಿಕೊಳ್ಳುವ ಹಿರಿಯರು ಅವರು. ಅಷ್ಟು ವರ್ಷಗಳಲ್ಲಿ ಕಟ್ಟಡದ ಬಗ್ಗೆ ಯಾರೂ ತನ್ನನ್ನು ಒಂದು ಮಾತು ಕೇಳಿರಲಿಲ್ಲ ಎಂದು ಅವರು ಹೇಳಿದರಂತೆ. ಆಮೇಲೆ ಒಂದು ಗಂಟೆ ಮಾತಾಡಿದರು. ತೆರೆಯಲಾಗದ ಕಿಟಕಿಗಳು, ಏಣಿಯಿಟ್ಟರೂ ಕೈಗೆ ಸಿಗದ ದೀಪಗಳು, ಮೇಲಿನ ಮಹಡಿ ಒರೆಸಲು ಕೆಳಗಿನಿಂದ ಬಕೆಟ್ಟಿನಲ್ಲಿ ಹೊರಬೇಕಾದ ನೀರು. ಮಕ್ಕಳು ಮನೆಗೆ ಬಂದು ಎರಡು ಗಾಳಿಯಂತ್ರ ಕಿತ್ತು ಹಾಕಿದರು, ಪ್ರತಿ ಮಹಡಿಯಲ್ಲೂ ಒಂದು ನಲ್ಲಿಯ ಕೋಣೆ ಸೇರಿಸಿದರು. ಸ್ಪರ್ಧೆಯಲ್ಲಿ ಅವರು ಮುಂದಿನ ಸುತ್ತಿಗೆ ಹೋಗಲಿಲ್ಲ. ಮಗಳು ಎರಡು ದಿನ ಬೇಸರಪಟ್ಟುಕೊಂಡು ಮರೆತಳು. ನಾನು ಮರೆಯಲಿಲ್ಲ, ಏಕೆಂದರೆ ನನಗೆ ಹಿರಿಯೂರು ಕಡೆಯ ಒಂದು ಬೀಗ ನೆನಪಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. 2016ರಲ್ಲಿ ಇದೇ ರೀತಿಯ ಸಂಜೆಯಲ್ಲಿ ನೀವೆಲ್ಲ ಕೊಟ್ಟ ಹಣದಿಂದ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಶಾಲೆಗೆ ಎಂಟು ಕಂಪ್ಯೂಟರು, ಅವುಗಳಿಗೆ ಸೌರ ಫಲಕ, ಬ್ಯಾಟರಿ ಕೊಡಿಸಿದೆವು. ಯೋಜನೆ ನನ್ನದು. ಇಲ್ಲಿಯೇ, ನನ್ನ ಆಫೀಸಿನ ಬಿಳಿ ಹಲಗೆಯ ಮೇಲೆ ಬರೆದಿದ್ದೆ. ಎಷ್ಟು ವ್ಯಾಟ್ ಬೇಕು, ಎಷ್ಟು ಗಂಟೆ ಬಿಸಿಲು ಸಿಗುತ್ತದೆ, ಎಲ್ಲ ಲೆಕ್ಕ ಸರಿಯಾಗಿತ್ತು. ಆ ವರ್ಷದ ಸ್ಮರಣ ಸಂಚಿಕೆಯಲ್ಲಿ ಫೋಟೋ ಕೂಡ ಬಂತು.

ಎರಡು ವರ್ಷದ ನಂತರ ಊರಿಗೆ ಹೋದಾಗ ನೋಡಿಕೊಂಡು ಬರೋಣವೆಂದು ಹೋದೆ. ಆ ಕೋಣೆಗೆ ಬೀಗ. ಬೀಗದ ಕೈ ಹಳೆಯ ಮುಖ್ಯೋಪಾಧ್ಯಾಯರ ಹತ್ತಿರ, ಅವರಿಗೆ ವರ್ಗವಾಗಿ ಆರು ತಿಂಗಳಾಗಿತ್ತು. ಅಂತೂ ಇಂತೂ ತೆಗೆಸಿದರು. ಎಂಟೂ ಕಂಪ್ಯೂಟರಿಗೆ ಶುಭ್ರವಾದ ಬಟ್ಟೆ ಹೊದಿಸಿ, ಆಯುಧಪೂಜೆಯ ಅರಿಸಿನ ಕುಂಕುಮ ಹಾಗೆಯೇ ಉಳಿದಿತ್ತು. ಬ್ಯಾಟರಿಗಳು ಒಣಗಿದ್ದವು. ಆ ಜಾತಿಯ ಬ್ಯಾಟರಿಗೆ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಯಾರು ಹಾಕಬೇಕು, ಅದಕ್ಕೆ ದುಡ್ಡು ಎಲ್ಲಿಂದ, ನೀರು ತರಲು ಹಿರಿಯೂರಿಗೆ ಹೋಗುವವರಾರು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಮೇಷ್ಟ್ರುಗಳನ್ನು ದೂರುವಂತಿಲ್ಲ. ಇಬ್ಬರು ಮೇಷ್ಟ್ರು, ಹಲವು ತರಗತಿ, ಬಿಸಿಯೂಟದ ಲೆಕ್ಕ ಬೇರೆ.

ನನಗೆ ಹೆಚ್ಚು ನಾಚಿಕೆಯಾದದ್ದು ಆಮೇಲೆ. ಮಧ್ಯಾಹ್ನ ಒಂದೂವರೆ ಗಂಟೆ. ಮಕ್ಕಳೆಲ್ಲ ಹೊಂಗೆ ಮರದ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದರು. ಒಳಗೆ ಏಕೆ ಕೂತಿಲ್ಲ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. ಅವಳು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿ, “ತಗಡು ಕಾಯ್ತದೆ ಸಾರ್, ಒಳಗೆ ಕೂರಾಕಾಗಲ್ಲ. ಮಳೆ ಬಂದ್ರೆ ಟೀಚರ್ ಹೇಳಿದ್ದೂ ಕೇಳ್ಸಲ್ಲ” ಎಂದಳು. ಬಿಸಿಲು ಎಷ್ಟು ಗಂಟೆ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದ ನಾನು, ಆ ಬಿಸಿಲಿನ ಕೆಳಗೆ ಕೂರುವವರು ಯಾರೆಂದು ಯೋಚಿಸಿರಲಿಲ್ಲ.

ಇದೇ ತಗಡು, ಇದೇ ಬಿಸಿಲು ಇದ್ದ ಇನ್ನೊಂದು ಊರಿನ ಕಥೆಯನ್ನು ನಿಮಗೆ ಹೇಳಬೇಕು. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ ಗಾಂಡೊ ಎಂಬ ಹಳ್ಳಿ. ಅಲ್ಲಿ 1965ರಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ ಆ ಊರಿನಿಂದ ಶಾಲೆಗೆ ಹೋದ ಮೊದಲ ಹುಡುಗ. ಊರಿನಲ್ಲಿ ಶಾಲೆಯಿಲ್ಲದ್ದರಿಂದ ಏಳನೆಯ ವಯಸ್ಸಿಗೇ ಮನೆ ಬಿಟ್ಟು ಪಟ್ಟಣಕ್ಕೆ ಹೋಗಬೇಕಾಯಿತು. ಅಲ್ಲಿ ಗಾಳಿ ಬೆಳಕಿಲ್ಲದ, ಕುಲುಮೆಯಂಥ ಕೋಣೆಯಲ್ಲಿ ಮಕ್ಕಳನ್ನು ಕಿಕ್ಕಿರಿದು ಕೂರಿಸುತ್ತಿದ್ದರು. ಮುಂದೆ ಆತ ಬಡಗಿಯ ಕೆಲಸ ಕಲಿತ, 1985ರಲ್ಲಿ ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋದ, ನಂತರ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಲು ಸೇರಿದ. ನಮ್ಮ ಹಾಗೆಯೇ ಊರು ಬಿಟ್ಟವನು ನೋಡಿ. ಓದುತ್ತಿರುವಾಗಲೇ, 1998ರಲ್ಲಿ, ಗೆಳೆಯರನ್ನು ಸೇರಿಸಿ ಒಂದು ಸಂಘ ಕಟ್ಟಿದ. ಗಾಂಡೊದಲ್ಲಿ ಶಾಲೆಗೆ ಇಟ್ಟಿಗೆ ಎಂಬರ್ಥದ ಹೆಸರು ಅದಕ್ಕೆ. ನಾವು ಈ ಹಾಲಿನಲ್ಲಿ ಮಾಡುತ್ತಿರುವ ಕೆಲಸವನ್ನೇ ಆತ ಬರ್ಲಿನ್ನಿನಲ್ಲಿ ಮಾಡಿದ, ಹಣ ಕೂಡಿಸಿದ. ಆತ ಪದವಿ ಮುಗಿಸಿದ್ದು 2004ರಲ್ಲಿ. ಶಾಲೆ ಎದ್ದು ನಿಂತದ್ದು ಅದಕ್ಕೂ ಮೊದಲು, 2001ರಲ್ಲಿ. ಅಂದರೆ ಅದು ವಿದ್ಯಾರ್ಥಿಯೊಬ್ಬ ನಕ್ಷೆ ಬರೆದ ಶಾಲೆ.

ಮಣ್ಣಿನಲ್ಲಿ ಕಟ್ಟೋಣ ಎಂದಾಗ ಊರಿನವರೇ ಒಪ್ಪಲಿಲ್ಲ. ಮಣ್ಣಿನ ಗೋಡೆ ಒಂದು ಮಳೆಗಾಲ ನಿಂತರೆ ಹೆಚ್ಚು, ಜರ್ಮನಿಯಲ್ಲಿ ಓದಿದವನು ಸಿಮೆಂಟು ಗಾಜು ತರುತ್ತಾನೆಂದು ಕಾದಿದ್ದರೆ ಇವನು ಮಣ್ಣು ಎನ್ನುತ್ತಾನಲ್ಲ ಎಂದು ಅವರಿಗೆ. ಆತ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿಸಿದ. ಇದು ನಮಗೂ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ ‘ಅಸ್ತ್ರ’ ತಂಡದವರು, ಅದರಲ್ಲೂ ಕೆ.ಎಸ್. ಜಗದೀಶ್ ಅವರು, ಇಂಥ ಮಣ್ಣಿನ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಬೆಂಗಳೂರಿನಲ್ಲಿ ಅಂಥ ಮನೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಗಾಂಡೊ ಶಾಲೆಯ ಜಾಣ್ಮೆಯೆಲ್ಲ ಛಾವಣಿಯಲ್ಲಿದೆ. ತರಗತಿಯ ಮೇಲೆ ಮಣ್ಣಿನ ಇಟ್ಟಿಗೆಯದೇ ಒಂದು ಒಳಛಾವಣಿ, ಅದರಲ್ಲಿ ಗಾಳಿ ಹೋಗಲು ಸಂದುಗಳು. ಅದರ ಮೇಲೆ ಸಾಕಷ್ಟು ಎತ್ತರದಲ್ಲಿ, ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ, ತಗಡು. ತಗಡು ಕಾಯುತ್ತದೆ, ಕಾಯಲಿ. ಕೋಣೆಯ ಬಿಸಿ ಗಾಳಿ ಸಂದಿನಿಂದ ಮೇಲೇರಿ ನಡುವಿನ ಜಾಗದಿಂದ ಹೊರಗೆ ಹೋಗುತ್ತದೆ, ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಫ್ಯಾನಿಲ್ಲ, ಕರೆಂಟಿಲ್ಲ. ತಗಡು ಗೋಡೆಯಿಂದ ಆಚೆಗೆ ಚಾಚಿಕೊಂಡು ಮಣ್ಣಿನ ಗೋಡೆಯನ್ನು ಮಳೆಯಿಂದಲೂ ಕಾಯುತ್ತದೆ. ಆ ಸರಳಿನ ಚೌಕಟ್ಟನ್ನು ಸಣ್ಣ ಗರಗಸ, ಸಣ್ಣ ವೆಲ್ಡಿಂಗ್ ಯಂತ್ರದಿಂದ ಊರಿನ ಹುಡುಗರೇ ಮಾಡುವಷ್ಟು ಸುಲಭವಾಗಿಟ್ಟಿದ್ದ. ದೊಡ್ಡ ಕ್ರೇನು ಅಲ್ಲಿಗೆ ಬರುವಂತಿರಲಿಲ್ಲ. ಮಕ್ಕಳು ಕಲ್ಲು ತಂದರು, ಹೆಂಗಸರು ನೀರು ಹೊತ್ತರು. ಕಟ್ಟಿದವರೇ ಊರಿನಲ್ಲಿರುವುದರಿಂದ, ಕೆಟ್ಟರೆ ಸರಿ ಮಾಡುವವರೂ ಅಲ್ಲಿಯೇ ಇದ್ದಾರೆ. ಸುಮಾರು 120 ಮಕ್ಕಳಿಗೆಂದು ಶುರುವಾದ ಶಾಲೆ ಬೆಳೆದು 700 ಮಕ್ಕಳವರೆಗೆ ಮುಟ್ಟಿತು. 2004ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2022ರಲ್ಲಿ ಕೆರೆ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿಯೇ ಸಿಕ್ಕಿತು, ಆಫ್ರಿಕದ ವಾಸ್ತುಶಿಲ್ಪಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಇಂಥದೇ ಇನ್ನೊಂದು ಇದೆ, ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ಅನ್ನಾ ಹೆರಿಂಗರ್ ಎಂಬ ಹುಡುಗಿ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಒಂದು ವರ್ಷ ಬಾಂಗ್ಲಾದೇಶದ ಹಳ್ಳಿಯಲ್ಲಿದ್ದಳು. ಮುಂದೆ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಓದುವಾಗ ಅದೇ ರುದ್ರಪುರ ಹಳ್ಳಿಗೆ ಒಂದು ಶಾಲೆಯನ್ನು ತನ್ನ ಡಿಪ್ಲೊಮಾ ಯೋಜನೆಯಾಗಿ 2004ರಲ್ಲಿ ಬರೆದಳು. 2005ರ ಕೊನೆಯ ತಿಂಗಳುಗಳಲ್ಲಿ ಊರಿನವರು ಸೇರಿ ಕಟ್ಟಿಯೂ ಬಿಟ್ಟರು. ಕೆಳಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಬಿದಿರಿನ ಮಹಡಿ. ಮಣ್ಣು ಹುಲ್ಲು ಬೆರೆಸಿ ತುಳಿಯಲು ಎಮ್ಮೆಗಳು. 2007ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ. ತರಗತಿಯ ಹಿಂದೆ ಮಣ್ಣಿನಲ್ಲೇ ಗುಹೆಗಳಂತೆ ಕೊರೆದ ಜಾಗಗಳಿವೆ, ಮಕ್ಕಳು ತೂರಿಕೊಂಡು ಕೂತು ಓದಲು. ನನಗೆ ತುಂಬ ಇಷ್ಟವಾದದ್ದು ಅದು. ಸೆನ್ಸರ್ ಹಾಕುವ ನನ್ನಂಥವನಿಗೆ ಅದು ಎಂದೂ ಹೊಳೆಯುತ್ತಿರಲಿಲ್ಲ.

ಈ ಕಥೆಗಳನ್ನು ಓದಿದ ಮೇಲೆ ಮಗಳಿಗೆ ಒಂದು ಯೋಚನೆ ಬಂತು. ಸ್ಪರ್ಧೆ ಹೇಗೂ ಮುಗಿದಿದೆ, ಆ ಹಿರಿಯೂರಿನ ಶಾಲೆಯ ಮಕ್ಕಳನ್ನೇ ಅವರ ಶಾಲೆಯ ನಕ್ಷೆ ಬರೆಯಲು ಕೇಳಬಾರದೇಕೆ ಎಂದಳು. ಅಲ್ಲಿನ ಟೀಚರ್ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿದೆವು. ನಮ್ಮ ಹುಡುಗಿಯರ ಕನ್ನಡ ನಿಮಗೆ ಗೊತ್ತೇ ಇದೆ. ಅದಕ್ಕೆ ಆ ಮಕ್ಕಳು ಬಿದ್ದು ಬಿದ್ದು ನಕ್ಕರು, ಆಮೇಲೆ ಸ್ನೇಹವಾಯಿತು.

ಮೊದಲು ಬಂದ ಚಿತ್ರಗಳು ನಿರಾಶೆ ತಂದವು. ಎಲ್ಲರೂ ಎರಡು ಮಹಡಿಯ ಕಾನ್ವೆಂಟು, ಮೇಲೆ ಬಾವುಟ, ಪಕ್ಕದಲ್ಲಿ ಬಸ್ಸು ಬರೆದಿದ್ದರು. ಒಬ್ಬ ವಿಮಾನವನ್ನೂ ಬರೆದಿದ್ದ. ಅಮೆರಿಕದವರಿಗೆ ಏನು ಇಷ್ಟವಾಗಬಹುದೋ ಅದನ್ನು ಬರೆದಿದ್ದರು ಪಾಪ. ಟೀಚರ್ ಜಾಣೆ. ಎರಡನೆಯ ಸಲ ಶಾಲೆ ಬರೆಯಿರಿ ಎನ್ನಲಿಲ್ಲ. ಮಧ್ಯಾಹ್ನ ನೀವು ಎಲ್ಲಿ ಕೂರುತ್ತೀರಿ, ಎಲ್ಲಿ ಕೂರಲು ಆಗುವುದಿಲ್ಲ, ಅದನ್ನು ಬರೆಯಿರಿ ಎಂದರು.

ಆಗ ಬಂದ ನಕ್ಷೆಗಳೇ ಬೇರೆ. ಎಲ್ಲದರಲ್ಲೂ ಹೊಂಗೆ ಮರ ಶಾಲೆಗಿಂತ ದೊಡ್ಡದು. ಬಿಸಿಯೂಟದ ಅಡುಗೆಮನೆಯ ಹೊಗೆ ಮೂರನೇ ತರಗತಿಗೆ ನುಗ್ಗುವುದನ್ನು ಒಬ್ಬಳು ಕಪ್ಪು ಬಳಪದಲ್ಲಿ ಗೀಚಿದ್ದಾಳೆ, ಗಾಳಿ ಬೀಸುವ ದಿಕ್ಕಿಗೆ ಬಾಣದ ಗುರುತು ಸಮೇತ. ಪುಸ್ತಕದ ಚೀಲ ನೇತು ಹಾಕಲು ಗೂಟ ಬೇಕು, ನೆಲದ ಮೇಲಿಟ್ಟರೆ ಇಲಿ ಕಡಿಯುತ್ತದೆ ಎಂದು ಒಬ್ಬ ಬರೆದಿದ್ದಾನೆ. ನಲ್ಲಿ ಒಂದನೇ ತರಗತಿಯವರ ಕೈಗೆ ಎಟುಕುವುದಿಲ್ಲವಂತೆ. ದೊಡ್ಡ ಹುಡುಗಿಯರು ಇಬ್ಬರು ಸೇರಿ ಹುಡುಗಿಯರ ಶೌಚಾಲಯದ ಬಾಗಿಲು ಬರೆದಿದ್ದಾರೆ. ಒಳಗಡೆ ಚಿಲಕ, ಒಳಗೇ ನೀರಿನ ನಲ್ಲಿ. ಅಷ್ಟೇ. ಅದರ ಕೆಳಗೆ ಏನೂ ಬರೆದಿಲ್ಲ. ಚಿಲಕವಿಲ್ಲದೆ ಎಷ್ಟು ದಿನ ಅವರು ಶಾಲೆ ತಪ್ಪಿಸಿದ್ದಾರೋ, ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಂದ ನಮ್ಮ ಹುಡುಗಿಯರ ಕೆಲಸ ಲೆಕ್ಕದ್ದು. ಆ ಭಾಗದಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಮಕ್ಕಳ ಹಲ್ಲು ನೋಡಿದರೇ ತಿಳಿಯುತ್ತದೆ. ಮಳೆ ನೀರಿನಲ್ಲಿ ಆ ತೊಂದರೆ ಇಲ್ಲ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಛಾವಣಿ 100 ಚದರ ಮೀಟರ್, ವರ್ಷದ ಮಳೆ ಕಡಿಮೆಯೆಂದರೂ 500 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 50 ಸಾವಿರ ಲೀಟರ್. ಐದನೇ ಒಂದು ಭಾಗ ಹಾಳಾಗಲಿ, 40 ಸಾವಿರ ಉಳಿಯಿತು. 60 ಮಕ್ಕಳು, ದಿನಕ್ಕೆ ಎರಡು ಲೀಟರ್, ವರ್ಷಕ್ಕೆ 220 ದಿನ ಶಾಲೆ: 26,400 ಲೀಟರ್. ಕುಡಿಯಲು ಸಾಕಾಗುತ್ತದೆ. ಆದರೆ ಮಳೆ ಹೆಚ್ಚಾಗಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಂದು ಹೋಗುವುದರಿಂದ ಅದನ್ನು ತಿಂಗಳುಗಟ್ಟಲೆ ಕೂಡಿಡುವ ದೊಡ್ಡ ತೊಟ್ಟಿ ಬೇಕು. ಖರ್ಚೆಲ್ಲ ಅಲ್ಲಿಯೇ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು, ಜಾಲರಿ ತೊಳೆಯಬೇಕು. ಇದನ್ನು ಯಾರು ಮಾಡುತ್ತಾರೆ ಎಂದು ಈ ಸಲ ಮೊದಲೇ ಕೇಳಿದೆವು. ಆರು ಏಳನೇ ತರಗತಿಯವರು ಸರದಿ ಹಾಕಿಕೊಂಡು ಮಾಡುತ್ತೇವೆ, ಬೀಗದ ಕೈ ಮಾತ್ರ ನಮ್ಮ ಹತ್ತಿರ ಇರಲಿ ಎಂದರು. ಅವರಿಗೂ ಆ ಬೀಗ ನೆನಪಿತ್ತು!

ಹಾಗಾಗಿ ಈ ವರ್ಷ ಆ ಶಾಲೆಗೆ ನಾವು ಕೇಳುತ್ತಿರುವುದು ಇಷ್ಟು: ತಗಡಿನ ಕೆಳಗೆ ಒಂದು ಒಳಛಾವಣಿ, ನಡುವೆ ಗಾಳಿಯಾಡಲು ಜಾಗ. ಮಳೆ ನೀರಿನ ತೊಟ್ಟಿ. ಅಡುಗೆಮನೆಗೆ ಇನ್ನೊಂದು ಜಾಗ. ಎತ್ತರ ತಗ್ಗಿನ ಎರಡು ಸಾಲು ನಲ್ಲಿ. ಚಿಲಕವಿರುವ ಬಾಗಿಲು. ಕಟ್ಟುವವರು ಸ್ಥಳೀಯ ಗಾರೆಯವರು. ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಆಗಿದೆ.

ನಮ್ಮ ಸಮಿತಿಯಲ್ಲೇ ಇದಕ್ಕೆ ಎಲ್ಲರೂ ಒಪ್ಪಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಸ್ಮಾರ್ಟ್ ಬೋರ್ಡು ಕೊಟ್ಟರೆ ದಾನಿಗಳಿಗೆ ತೋರಿಸಲು ಏನಾದರೂ ಇರುತ್ತದೆ, ಒಳಛಾವಣಿಯ ಫೋಟೋ ಯಾರು ನೋಡುತ್ತಾರೆ ಎಂದು ಹಿರಿಯರೊಬ್ಬರು ಕೇಳಿದರು. ಅವರು ಹೇಳಿದ್ದರಲ್ಲಿ ಸತ್ಯವಿದೆ. ಹಳ್ಳಿಯ ಮಕ್ಕಳಿಗೆ ಕಂಪ್ಯೂಟರ್ ಬೇಡವೇ, ಅದು ನಮ್ಮ ಮಕ್ಕಳಿಗೆ ಮಾತ್ರವೇ ಎಂದು ಇನ್ನೊಬ್ಬರು ಕೇಳಿದ್ದು ನನ್ನನ್ನು ಇನ್ನೂ ಕಾಡುತ್ತಿದೆ. ಬೇಕು, ಖಂಡಿತ ಬೇಕು. ಮಧ್ಯಾಹ್ನ ಮೂರು ಗಂಟೆಗೆ ಕೂರಲು ಸಾಧ್ಯವಾಗುವ ಕೋಣೆಯಲ್ಲಿ ಬೇಕು.

ಇನ್ನೊಂದು ಕೋರಿಕೆ ಸ್ವಲ್ಪ ಕಠಿಣ. ಈ ಸಲ ಬರುವ ಹಣದಲ್ಲಿ ಮೂರನೇ ಒಂದು ಭಾಗವನ್ನು ಕಟ್ಟುವುದಕ್ಕೆ ಬಳಸದೆ, ಮುಂದಿನ ಐದು ವರ್ಷದ ರಿಪೇರಿಗೆಂದು ತೆಗೆದಿಡಲು ಅನುಮತಿ ಕೊಡಿ. ಅದರ ಮೇಲೆ ಯಾರ ಹೆಸರಿನ ಕಲ್ಲೂ ಇರುವುದಿಲ್ಲ. ಜಾಲರಿಗೆ, ವಾಷರ್‌ಗೆ, ಚಿಲಕದ ಸ್ಕ್ರೂಗೆ ಹೋಗುತ್ತದೆ. ಹಳೆಯ ಬ್ಯಾಟರಿಗಳ ಜಾಗಕ್ಕೆ ಬೇರೆ ಹಾಕಿಸುವ ಖರ್ಚನ್ನು ನಿಮ್ಮ ಹಣದಲ್ಲಿ ಸೇರಿಸಿಲ್ಲ. ಅದು ನನ್ನ ಲೆಕ್ಕಕ್ಕೆ.

ಮಕ್ಕಳ ನಕ್ಷೆಗಳನ್ನು ಹಾಲಿನ ಹಿಂಭಾಗದಲ್ಲಿ, ಕಾಫಿ ಮೇಜಿನ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಒಟ್ಟು 41 ಇವೆ. ವಿಮಾನದ್ದೂ ಇದೆ, ತೆಗೆಯಲು ಮನಸ್ಸಾಗಲಿಲ್ಲ. ಬಾಗಿಲಿನ ಚಿತ್ರ ಎಡಗಡೆ ಕೊನೆಯಲ್ಲಿದೆ, ಸಣ್ಣದು, ಪೆನ್ಸಿಲಿನದು, ಹತ್ತಿರ ಹೋಗಿ ನೋಡಬೇಕು. ನನ್ನ ಮಗಳು ಮತ್ತು ಅವಳ ಗೆಳತಿಯರು ಅಲ್ಲಿ ನಿಂತಿರುತ್ತಾರೆ, ಏನು ಕೇಳಿದರೂ ಹೇಳುತ್ತಾರೆ. ದಯವಿಟ್ಟು ಕನ್ನಡದಲ್ಲೇ ಕೇಳಿ, ಅಭ್ಯಾಸ ಮಾಡಿಕೊಂಡಿದ್ದಾರೆ. ಊಟಕ್ಕೆ ಮೊದಲು ನೋಡಿದರೆ ಒಳ್ಳೆಯದು, ಆಮೇಲೆ ಅಲ್ಲಿ ನೂಕುನುಗ್ಗಲು.